ಅಯ್ಯಾರ ಪಾಲಿನ ಚರಬಿ

ಹೊಸಪೇಟೆ
20 ಜನವರಿ 1939

ಬಂಡ್ರಿಯಲ್ಲಿರುವ ಪಕ್ಕೀರಪ್ಪನಿಗೆ, ಜಂಬುನಾಥ ಸಕ್ಕರೆ ಮಿಲ್ಲಿನ ಚನ್ನಯ್ಯ ಬರೆಯುವುದು.

ನೀನು ಹೆಂಡತಿ ಮಗಳನ್ನು ಕರೆದುಕೊಂಡು ಬಂಡ್ರಿಗೆ, ಜಂಬಕ್ಕನ ಅಣ್ಣನ ಮನೆಗೆ ಹೋದೆಯೆಂದು ಚಿತ್ತವಾಡ್ಗಿಯ ನಿನ್ನ ಓಣಿಯವರು ಹೇಳಿದರು. ಹೋಗುವಾಗ ನನಗೆ ಹೇಳಿಹೋಗಲಿಲ್ಲ. ಯಾಕೆ ಹೇಳಬೇಕು? ನಿನಗೆ ಓದಲು ಬಾರದು, ಇದನ್ನು ಅಲ್ಲಿಯ ಶಾಲೆಯ ಉಚ್ಚೆಂಗಪ್ಪ ಮಾಸ್ತರರು ಓದಿ ಹೇಳುತ್ತಾರೆ ಎಂದು ಗೊತ್ತಿದ್ದೂ ಎಲ್ಲವನ್ನೂ ಬಿಚ್ಚಿ ಬರೆಯುತ್ತಿದ್ದೇನೆ. ಹತ್ತು ಹರದಾರಿ ಆಚೆ ಇರುವ ಮಾಸ್ತರರ ಮುಂದೆ ಧೈರ್ಯ ತೋರಿಸುವುದು ಸುಲಭ. ಇಲ್ಲಿ ಇಂಜಿನಿಯರ್ ಸಾಹೇಬರ ಕೋಣೆಗೆ ಇಪ್ಪತ್ತೇ ಹೆಜ್ಜೆ. ದಿನಾ ಹದಿನೈದು ಹೆಜ್ಜೆ ಹೋಗಿ ತಿರುಗಿ ಬರುತ್ತೇನೆ.

ಎಣ್ಣೆಯವನಾಗಿ ಸೇರಿದ ಮೊದಲ ದಿನವೇ ಆ ಚರಬಿಯ ಡಬ್ಬ ನೋಡಿ ನನಗೆ ವಾಕರಿಕೆ ಬಂದಿತ್ತು. ಯಾವ ಪ್ರಾಣಿಯ ಕೊಬ್ಬೋ, ಕೇಳುವವರಿಲ್ಲ. ಕಂಪ್ಲಿಯ ಅಯ್ಯನವರ ಮಗ, ಎದೆಯ ಮೇಲೆ ಲಿಂಗ, ಊರ ಜನ ಕಾಲು ಮುಟ್ಟಿ ನಮಸ್ಕರಿಸುವ ಮನೆತನ. ಅಂಥವನು ಅದರೊಳಗೆ ಕೈ ಅದ್ದಬೇಕು. ಕೆಲಸ ತೋರಿಸಲು ಬಂದಿದ್ದ ಇನ್ನೊಂದು ಪಾಳಿಯ ಎಣ್ಣೆಯವ ನೀನು, ನನ್ನ ಮುಖ ನೋಡಿದೆ. ನಿನ್ನ ಪಾಳಿ ಮಧ್ಯಾಹ್ನ ಎರಡಕ್ಕೆ. ಆದರೂ ಮರುದಿನದಿಂದ ನೀನು ಬೆಳಿಗ್ಗೆ ಆರಕ್ಕೆ ಮುಂಚೆ ಚಿತ್ತವಾಡ್ಗಿಯಿಂದ ನಡೆದು ಬಂದು, ಕಬ್ಬು ಅರೆಯುವ ಮೂರೂ ಉರುಳೆಗಳ ಬೇರಿಂಗಿಗೆ ಚರಬಿ ತುಂಬಿ, ಕೈ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಅಯ್ಯಾರ ಕೈ ಇದನ್ನ ಮುಟ್ಟಬಾರದು ಎಂದು ಒಂದೇ ಒಂದು ಸಲ ಹೇಳಿದ್ದೆ. ಎರಡು ಹಂಗಾಮು ಹೀಗೆ ನಡೆಯಿತು. ನನ್ನ ಪಾಲಿಗೆ ಉಳಿದದ್ದು ಕೊಕ್ಕಿನ ಡಬ್ಬಿಯಿಂದ ಹರಳೆಣ್ಣೆ ಬಿಡುವುದು, ಇಂಜಿನ್ನಿಗೆ ಎಣ್ಣೆ ಇಳಿಸುವ ಬತ್ತಿ ಬದಲಿಸುವುದು, ಹಿತ್ತಾಳೆ ಒರೆಸುವುದು. ಮಡಿ ಕೆಲಸ.

ಬನದ ಹುಣ್ಣಿಮೆಯ ದಿನ ನಿನ್ನ ಮಗಳು ಹೊಳೆಮ್ಮನಿಗೆ ಜ್ವರ ಬಂದು ನೀನು ಬೆಳಿಗ್ಗೆ ಬರಲಿಲ್ಲ. ಎರಡು ಗಂಟೆಗೆ ಪಾಳಿ ಮುಗಿದೊಡನೆ ನನಗೆ ಚಿತ್ತವಾಡ್ಗಿಯ ಭಕ್ತರ ಮನೆಯಲ್ಲಿ ಪಾದಪೂಜೆ ಇತ್ತು. ಅಂಥ ದಿನ ಚರಬಿಯಲ್ಲಿ ಕೈ ಅದ್ದಲೇ ಎಂದು, ಹಿಂದಿನ ದಿನದ ಚರಬಿ ಮುಗಿದಿದ್ದ ಮೂರನೇ ಉರುಳೆಗೆ ಹರಳೆಣ್ಣೆ ಸುರಿಯುತ್ತಾ ಹೋದೆ. ಚರಬಿಗಿಂತ ತೆಳ್ಳಗಿನ ಎಣ್ಣೆ, ಸುರಿದಷ್ಟೂ ಸೋರುತ್ತಿತ್ತು. ಬೆಳಗಿನಿಂದ ಅದರ ಪಕ್ಕದಲ್ಲೇ ನಿಂತು ಸುರಿದೆ. ಎರಡಕ್ಕೆ ನೀನು ಬಂದೆ. ಚರಬಿ ತುಂಬಿದೆಯೇ ಎಂದು ಕೇಳಿದೆ. ತುಂಬಿದ್ದೇನೆ ಎಂದೆ ನಾನು. ನೀನು ನಂಬಿ ಮೊದಲು ಇಂಜಿನ್ ಕಡೆ ಹೋದೆ.

ಆಮೇಲಿನದು ಬರೆಯಲು ಕೈ ಬರುವುದಿಲ್ಲ. ಭಕ್ತರ ಮನೆಗೆ ಆಳು ಓಡಿ ಬಂದಾಗ ನನ್ನ ಕಾಲಿಗೆ ಹಚ್ಚಿದ ಗಂಧ ಇನ್ನೂ ಹಸಿಯಾಗಿತ್ತು. ಬಂದು ನೋಡಿದರೆ ಮಿಲ್ಲು ನಿಂತಿದೆ, ಬೇರಿಂಗಿನ ಹಿತ್ತಾಳೆ ಕರಗಿ ಹಿಡಿದುಕೊಂಡಿದೆ. ಹೊಗೆ ಕಂಡು ನೀನು ಮುಚ್ಚಳ ಎತ್ತಿದಾಗ ಕುದಿಯುವ ಎಣ್ಣೆ ಎರಡೂ ಕೈಗಳ ಮೇಲೆ ಸಿಡಿದಿತ್ತು. ಸುಟ್ಟ ಕೈಗಳನ್ನು ಎದುರಿಗೆ ಚಾಚಿಕೊಂಡೇ ನೀನು ಸಾಹೇಬರಿಗೆ ಉತ್ತರ ಕೊಟ್ಟೆ. ಚರಬಿ ತುಂಬಿದವರು ಯಾರು ಎಂದರು. ನಾನೇ, ಕಡಿಮೆ ಬಿತ್ತು ಎಂದು ನೀನು ಒಪ್ಪಿಕೊಂಡೆ. ನಾನು ಪಕ್ಕದಲ್ಲೇ ನಿಂತಿದ್ದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರೆ. ನಾನು ಒರೆಸುವ ಕಷ್ಟವನ್ನೂ ಪಡಲಿಲ್ಲ.

ನನಗೆ ನಾಚಿಕೆಯಾಗಿದೆ, ಪಕ್ಕೀರಪ್ಪ. ಕಬ್ಬಿನ ಗದ್ದಲ ಸ್ವಲ್ಪ ಇಳಿಯಲಿ, ಸಾಹೇಬರಿಗೆ ಎಲ್ಲವನ್ನೂ ಹೇಳುತ್ತೇನೆ. ನಿನ್ನನ್ನು ಕೆಲಸದಿಂದ ತೆಗೆದ ಚೀಟಿಯಲ್ಲಿ ಬರೆದ ‘ಕೆಲಸದಲ್ಲಿ ಅಲಕ್ಷ್ಯ’ ಎಂಬ ಮಾತನ್ನು ಅಳಿಸಿಸುತ್ತೇನೆ. ಕೈ ಹೇಗಿದೆ, ತಿಳಿಸು.

ನಿನ್ನ ಮುಂದೆ ತಲೆ ಎತ್ತಲಾರದ
ಚನ್ನಯ್ಯ


ಬಂಡ್ರಿ, ಸಂಡೂರು ಸೀಮೆ
2 ಫೆಬ್ರವರಿ 1939

ಅಯ್ಯಾರ ಪಾದಕ್ಕ ಪಕ್ಕೀರಪ್ಪನ ಶರಣ್ರಿ.

ನಾ ಹೇಳಿದ್ದು ಹೇಳಿದಂಗ ಬರೀರಿ ಅಂತ ಮಾಸ್ತರಿಗೆ ಅಂದೀನ್ರಿ. ನಿಮ್ಮ ಕಾಗದ ಅರ್ಧ ಓದಿ ಅವ್ರು ಎದ್ದು ಬಾಗಲಾ ಹಾಕಿ ಬಂದ್ರು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ಆಣಿ ಹಾಕೀನಿ. ನೀವೂ ಹಂಗೆಲ್ಲ ಬರೀಬ್ಯಾಡ್ರಿ. ನನ್ನ ಮುಂದ ತಲಿ ತಗ್ಗಿಸೋದು ಅಂದ್ರ ಏನ್ರಿ ಅದು? ಕೇಳಿದ ನನಗ ಪಾಪ.

ಸಾಹೇಬ್ರಿಗೆ ಏನೂ ಹೇಳಬ್ಯಾಡ್ರಿ. ಹೇಳಿದ್ರ ಮೊದ್ಲು ಏನ್ ಕೇಳ್ತಾರ? ಯಾಕ ಚರಬಿ ತುಂಬಲಿಲ್ಲ ಅಂತ ಕೇಳ್ತಾರ. ಅಯ್ಯಾರು ಚರಬಿ ಹಾಕೋ ಮಿಲ್ಲಿನಾಗ ಎಣ್ಣಿ ಹಾಕೋ ಕೆಲಸ ಮಾಡ್ತಾರಂತ ಕಂಪ್ಲಿ ತನಕ ಸುದ್ದಿ ಹೋಕ್ಕತಿ. ನಿಮ್ಮ ತಂದಿ ದೊಡ್ಡಯ್ಯಾರು ಪೂಜಿಗೆ ಮನಿ ಮನಿಗೆ ಹೋಗಿ ಕುಂದ್ರೋರು. ನನ್ನಂಥವ್ನ ಹೆಸರಿಗೆ ಮಸಿ ಹತ್ತಿದ್ರ ಏನು, ಹತ್ತಲಿ ಬಿಡ್ರಿ.

ಕೈ ಮಾಯ್ದಾವ್ರಿ. ಹೊಸ ತೊಗಲು ಬಂದೈತಿ. ಗುಡ್ಡದಾಗ ಅದಿರು ಹೊರಾಕ ಹೊಂಟೀನಿ, ಜಂಬಕ್ಕನೂ ಬರ್ತಾಳ. ಬುಟ್ಟಿ ತಲಿ ಮ್ಯಾಲೆ, ಕೈಗೇನೂ ಕೆಲಸಿಲ್ಲ.

ಈಗ ಮೂರನೇ ಉರುಳಿ ನಿಮ್ಮ ಕೈಯಾಗ ಐತಿ, ಹೇಳ್ತೀನಿ ಕೇಳ್ರಿ. ಹೊಸಾ ಹಿತ್ತಾಳಿ ಹಾಕ್ಯಾರ, ಅದು ತಿಂಗಳತನಕ ಭಾಳ ಬಿಸಿ ಆಕ್ಕತಿ. ಅಂಗೈ ಇಟ್ಟು ನೋಡಬ್ಯಾಡ್ರಿ, ಅಂಗೈ ಸುಳ್ಳು ಹೇಳ್ತೈತಿ. ಬೆರಳಿನ ಬೆನ್ನು ಇಡ್ರಿ. ಮೂರು ಎಣಿಸೋತನಕ ತಡಕೊಂಡ್ರ ಚಲೋ ಐತಿ ಅಂತ. ಎರಡಕ್ಕ ಕೈ ತಗೊಂಡ್ರ ಚರಬಿ ಹಾಕ್ರಿ. ಒಂದಕ್ಕ ತಗೊಂಡ್ರ ಕೂಗಿ ಮಿಲ್ಲು ನಿಲ್ಲಸ್ರಿ, ಸಾಹೇಬ್ರು ಬೈದ್ರೂ ಬೈಲಿ. ಧೋತ್ರದ ಕಚ್ಚಿ ಬಿಗೀ ಕಟ್ಟಿ ಬೆಲ್ಟಿನ ಹಂತ್ಯಾಕ ಹೋಗ್ರಿ.

ಒಂದು ಬೇಡಿಕಿ ಐತ್ರಿ. ಹೊಳೆಮ್ಮಗ ಗುಡ್ಡದ ಚಳಿಜ್ವರ ಹತ್ತೈತಿ, ದಿನಾ ಬಿಟ್ಟು ದಿನಾ ಬರ್ತೈತಿ. ನಿಮ್ಮ ಕೈಲೆ ಮುಟ್ಟಿದ ವಿಭೂತಿ ಒಂದಿಷ್ಟು ಪುಡಿಕಿ ಕಟ್ಟಿ ಕಳಸ್ರಿ. ಹಣಿಗೆ ಹಚ್ಚಿದ್ರ ಹೋಕ್ಕತಿ.

ನಿಮ್ಮ ಪಾದದ ಧೂಳು
ಪಕ್ಕೀರಪ್ಪ (ಹೆಬ್ಬೆಟ್ಟು)


ಹೊಸಪೇಟೆ
12 ಫೆಬ್ರವರಿ 1939

ಪಕ್ಕೀರಪ್ಪನಿಗೆ ಚನ್ನಯ್ಯನಿಂದ.

ಇದರ ಜೊತೆ ವಿಭೂತಿ ಇಟ್ಟಿದ್ದೇನೆ. ಪುಡಿಕೆ ಕಟ್ಟುವ ಮುಂಚೆ ಸೀಗೆಕಾಯಿ ಹಾಕಿ, ಒಲೆಯ ಬೂದಿ ಹಾಕಿ, ಮೂರು ಸಲ ಕೈ ತೊಳೆದೆ. ಯಾಕೆಂದರೆ ಈಗ ಚರಬಿ ತುಂಬುವವನು ನಾನೇ. ನಿನ್ನ ಜಾಗಕ್ಕೆ ಬಂದ ಮನುಷ್ಯ ತನ್ನ ಪಾಳಿಯದಷ್ಟೇ ನೋಡಿಕೊಳ್ಳುತ್ತಾನೆ, ಅದು ನ್ಯಾಯವೂ ಹೌದು. ಮೊದಲ ದಿನ ಮೊಣಕೈವರೆಗೆ ಅದ್ದಿದಾಗ ಕಣ್ಣು ಮುಚ್ಚಿಕೊಂಡಿದ್ದೆ. ಅದು ಬೆಚ್ಚಗೆ, ಮೆತ್ತಗೆ ಇತ್ತು. ಇದಕ್ಕೆ ಹೆದರಿಯೇ ನಾನು ಹಾಗೆ ಮಾಡಿದೆನೇ ಎಂದು ಆಶ್ಚರ್ಯವಾಯಿತು. ನಾಲ್ಕನೇ ದಿನಕ್ಕೆ ಅದೂ ಒಂದು ಕೆಲಸವೇ ಆಯಿತು. ಎಡ ಅಂಗೈ ಲಿಂಗಪೂಜೆಗೆ ಬೇಕು, ಹಾಗಾಗಿ ಬಲಗೈ ಒಂದರಲ್ಲೇ ತುಂಬುತ್ತೇನೆ. ಇನ್ನೂ ಲೆಕ್ಕಾಚಾರ ಬಿಟ್ಟಿಲ್ಲ ನೋಡು.

ನೀನು ಹೇಳಿದಂತೆ ಬೆರಳ ಬೆನ್ನಿಟ್ಟು ನೋಡುತ್ತೇನೆ. ಪಾಳಿಗೆ ಹತ್ತು ಸುತ್ತು. ಮೇಲಿನ ಶಾಫ್ಟಿಗೆ ಏಣಿ ಹತ್ತಿ ಎಣ್ಣೆ ಬಿಟ್ಟು, ಇಂಜಿನ್ನಿನ ಬತ್ತಿಗಳನ್ನು ನೋಡಿ, ಕಡೆಗೆ ಉರುಳೆಗಳ ಹತ್ತಿರ ಬಂದು ಮೂರು ಎಣಿಸುತ್ತೇನೆ. ಒಂದು, ಎರಡು, ಮೂರು ಎನ್ನುವಾಗಲೆಲ್ಲ ನಿನ್ನ ನೆನಪು ಬರುತ್ತದೆ.

ಒಂದು ನಿಜ ಹೇಳಿಬಿಡುತ್ತೇನೆ. ಸಾಹೇಬರಿಗೆ ಹೇಳಬ್ಯಾಡ್ರಿ ಎಂದು ನೀನು ಬರೆಸಿದ್ದನ್ನು ಓದಿದ ದಿನ ನಾನು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಉಂಡೆದ್ದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಸಿಗೆಯಾಗಿಯೂ ಹದಿನೈದನೇ ಹೆಜ್ಜೆ ದಾಟಲಿಲ್ಲ. ನನ್ನ ತಂಗಿ ವಿರುಪಮ್ಮನಿಗೆ ಸಂಡೂರಿನ ಒಂದು ಮಠದ ಮನೆತನದಲ್ಲಿ ಮಾತು ನಡೆದಿದೆ. ಅವರಿಗೆ ನಮ್ಮ ತಂದೆ ನನ್ನನ್ನು ಗುಮಾಸ್ತ ಎಂದು ಹೇಳಿದ್ದಾರೆ, ನಾನೇ ಹಾಗೆ ಹೇಳಿದ್ದರಿಂದ. ಯುಗಾದಿ ಕಳೆದು ವೀಳ್ಯಶಾಸ್ತ್ರ ಆಗಿಬಿಡಲಿ, ಆಮೇಲೆ ತಪ್ಪದೆ ಹೇಳುತ್ತೇನೆ.

ಹೊಳೆಮ್ಮನಿಗೆ ವಿಭೂತಿಯ ಜೊತೆ ಸಂಡೂರಿನ ಆಸ್ಪತ್ರೆಯ ಕ್ವಿನೀನನ್ನೂ ಕೊಡಿಸು. ನನ್ನ ಕೈಯನ್ನೇ ನಂಬಿ ಕೂರಬೇಡ.

ಚನ್ನಯ್ಯ


ಕಂಪ್ಲಿ
24 ಫೆಬ್ರವರಿ 1939

ಚಿರಂಜೀವಿ ಚನ್ನಯ್ಯನಿಗೆ ತಂದೆ ಕೊಟ್ರಯ್ಯನ ಹರಕೆ. ಶಿವನು ನಿನ್ನನ್ನು ಚೆನ್ನಾಗಿಟ್ಟಿರಲಿ.

ಶಿವರಾತ್ರಿಗೂ ನೀನು ಬರಲಿಲ್ಲ. ಕಬ್ಬಿನ ಕಾಲದಲ್ಲಿ ರಜೆ ಇಲ್ಲವೆಂದು ಕೇಳಿದವರಿಗೆಲ್ಲ ಹೇಳಿದೆ. ನಿನ್ನ ತಾಯಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಸಂಡೂರಿನವರು ಮೊನ್ನೆ ಬಂದು ವಿರುಪಮ್ಮನನ್ನು ನೋಡಿ ಹೋದರು, ಹುಡುಗಿ ಮನಸ್ಸಿಗೆ ಬಂದಿದ್ದಾಳೆ. ಮನೆತನ ದೊಡ್ಡದು, ಮಾತು ಕಡಿಮೆ. ಅವರ ಹಿರಿಯರು ನಿನ್ನ ಬಗ್ಗೆ ಎರಡು ಸಲ ಕೇಳಿದರು. ಮಿಲ್ಲಿನಲ್ಲಿ ಯಾವ ಹುದ್ದೆ, ಕೂತು ಮಾಡುವ ಕೆಲಸವೋ ನಿಂತು ಮಾಡುವ ಕೆಲಸವೋ ಎಂದರು. ಕೂತು ಮಾಡುವುದೇ ಎಂದೆ. ಗುಮಾಸ್ತ ಎಂಬುದಷ್ಟೇ ಗೊತ್ತು, ಹುದ್ದೆಯ ಪೂರ್ತಿ ಹೆಸರು ನನಗೆ ತಿಳಿಯದು. ಒಂದು ಸಾಲಿನಲ್ಲಿ ಬರೆದು ತಿಳಿಸು, ಅವರಿಗೆ ಹೇಳಿ ಕಳಿಸಬೇಕು.

ಚಿತ್ತವಾಡ್ಗಿಯ ಭಕ್ತರು ಇಲ್ಲಿ ಸಿಕ್ಕಿದ್ದರು. ಬನದ ಹುಣ್ಣಿಮೆಯ ದಿನ ನೀನು ಪೂಜೆಯ ನಡುವೆ ಎದ್ದು ಹೋದೆಯಂತೆ, ಅಷ್ಟು ಜವಾಬ್ದಾರಿಯ ಮನುಷ್ಯನಂತೆ. ಕೇಳಿ ಸಂತೋಷವಾಯಿತು.

ಕೊಟ್ರಯ್ಯ


ಹೊಸಪೇಟೆ
1 ಮಾರ್ಚ್ 1939

ಪೂಜ್ಯ ತಂದೆಯವರ ಪಾದಗಳಿಗೆ ಚನ್ನಯ್ಯನ ನಮಸ್ಕಾರ.

ಉಗ್ರಾಣದ ಗುಮಾಸ್ತ ಎಂದು ಹೇಳಿ ಕಳಿಸಿರಿ.

ಕೆಲಸ ಬಹಳ ಇದೆ. ಮತ್ತೆ ಬರೆಯುತ್ತೇನೆ.

ನಿಮ್ಮ ಮಗ
ಚನ್ನಯ್ಯ


ಬಂಡ್ರಿ
30 ಮಾರ್ಚ್ 1939

ಚನ್ನಯ್ಯಾರಿಗೆ ಜಂಬಕ್ಕ ಹೇಳಿ ಬರೆಸಿದ್ದು. ಈ ಕಾಗದ ನನ್ನ ಗಂಡಗ ಗೊತ್ತಿಲ್ರಿ. ಅವ್ರು ಗುಡ್ಡಕ್ಕ ಹೋಗ್ಯಾರ. ಮಾಸ್ತರು ಬರ್ಯಾಕ ಒಲ್ಲೆ ಅಂದ್ರು, ಶಾಲಿ ಬಾಗಲದಾಗ ಕುಂತೆ, ಆಮ್ಯಾಲೆ ಬರದ್ರು.

ಹುಡುಗಿಗೆ ಜ್ವರ ಬಿಟ್ಟೈತಿ. ನಿಮ್ಮ ವಿಭೂತಿಯಿಂದ ಅಂತ ಅವ್ರು ಊರೆಲ್ಲ ಹೇಳ್ಯಾರ. ಕ್ವಿನೀನ್ ತರಾಕ ಸಂಡೂರಿಗೆ ನಡದಾಕಿ ನಾನು. ಇರ್ಲಿ.

ಕಂಪ್ಲಿಯಾಗ ಒಂದು ಅಕ್ಕಿ ಮಿಲ್ಲು ಹೊಸದಾಗಿ ಹಾಕ್ಯಾರ, ಎಣ್ಣಿಯವ ಬೇಕಂತ ಕೇಳಿ ಇವ್ರು ಹೋಗಿದ್ರು. ಯುಗಾದಿಗೆ ಮೊದ್ಲ. ಮಾಲೀಕರು ಕುಂದ್ರಿಸಿ ಮಾತಾಡಿದ್ರಂತ. ಇಂಜಿನ್ ಶಬ್ದ ಕೇಳಿ ಯಾವ ಕಡೆ ಎಣ್ಣಿ ಕಡಿಮಿ ಐತಿ ಅಂತ ಇವ್ರು ಹೇಳಿದ್ದಕ್ಕ ಖುಷಿ ಆಗಿದ್ರಂತ. ಎಂಟು ದಿನ ಬಿಟ್ಟು ಬಾ ಅಂದ್ರು. ಎಂಟು ದಿನದಾಗ ನಿಮ್ಮ ಮಿಲ್ಲಿಗೆ ಬರದು ಕೇಳ್ಯಾರ. ಅಲಕ್ಷ್ಯದಾಂವ, ಮಿಲ್ಲು ಸುಟ್ಟಾಂವ ಅಂತ ಉತ್ತರ ಬಂತು. ಮಾಲೀಕರು ಇವ್ರನ್ನ ಬಾಗಲದಾಗಿಂದಾನ ಕಳಿಸ್ಯಾರ. ಅವತ್ತಿಂದ ಅವ್ರು ಹೊಸಪ್ಯಾಟಿ ಹೆಸರು ತಗೊಂಡಿಲ್ಲ. ಮೂವತ್ತು ವರ್ಷದ ಮನುಷ್ಯಾ ಮುದುಕ ಆಗ್ಯಾನ.

ಅಯ್ಯಾರ, ಅವ್ರು ಹೇಳಬ್ಯಾಡ್ರಿ ಅಂದ್ರು. ನೀವು ಸುಮ್ಮಾದಿರಿ. ಬ್ಯಾಡ ಅಂದಿದ್ದು ಅವ್ರ ದೊಡ್ಡಗುಣ. ಸುಮ್ಮಾಗಿದ್ದು ನಿಮ್ಮದು ಏನು?

ಎರಡು ವರ್ಷ ಬೆಳಗ್ಗೆದ್ದು ನಿಮ್ಮ ಪಾಲಿನ ಚರಬಿ ತುಂಬಿದ್ರು. ನಾನು ಒಂದು ದಿನಾನೂ ಬ್ಯಾಡ ಅನ್ನಲಿಲ್ಲ, ಅಯ್ಯಾರ ಸೇವಾ ಅಂತ ತಿಳಕೊಂಡಿದ್ದೆ. ಈಗ ನಿಮ್ಮ ಪಾಲಿನ ಸುಳ್ಳೂ ಅವ್ರಾ ಹೊರಬೇಕೇನು? ವಿಭೂತಿ ಕಟ್ಟಿ ಕಳಸೋ ಕೈಗೆ ಸಾಹೇಬ್ರಿಗೆ ನಾಕು ಅಕ್ಷರ ಬರದು ಕೊಡಾಕ ಆಗಲಿಲ್ಲೇನು?

ಇದಕ್ಕ ಉತ್ತರ ಬರೀಬ್ಯಾಡ್ರಿ. ಉತ್ತರ ಬಂದ್ರ ಅವ್ರಿಗೆ ಗೊತ್ತಾಕ್ಕತಿ.

ಜಂಬಕ್ಕ (ಹೆಬ್ಬೆಟ್ಟು)


ಹೊಸಪೇಟೆ
8 ಏಪ್ರಿಲ್ 1939

ಪಕ್ಕೀರಪ್ಪನಿಗೂ ಜಂಬಕ್ಕನಿಗೂ.

ಹೇಳಿದೆ. ಈ ತಿಂಗಳ ಮೂರನೆಯ ತಾರೀಖು, ಬೆಳಗಿನ ಪಾಳಿ ಮುಗಿದ ಮೇಲೆ, ಕೈ ತೊಳೆಯದೆ ಹೋದೆ. ತೊಳೆಯಲು ನಿಂತರೆ ಮತ್ತೆ ಮನಸ್ಸು ಬದಲಾಗುತ್ತದೆ ಎಂದು ಗೊತ್ತಿತ್ತು.

ಸಾಹೇಬರು ಮದರಾಸಿಗೆ ಕಳಿಸುವ ಕಾಗದ ನೋಡುತ್ತಿದ್ದರು. ಬಾಗಿಲಲ್ಲೇ ನಿಂತು, ಬನದ ಹುಣ್ಣಿಮೆಯ ದಿನ ಮೂರನೇ ಉರುಳೆಗೆ ಚರಬಿ ಹಾಕದವನು ನಾನು, ತುಂಬಿದ್ದೇನೆಂದು ಪಕ್ಕೀರಪ್ಪನಿಗೆ ಸುಳ್ಳು ಹೇಳಿದವನೂ ನಾನು ಎಂದೆ. ಅವರು ಸಿಟ್ಟಾಗುತ್ತಾರೆ, ಹೊಡೆಯುತ್ತಾರೆ, ಇಲ್ಲವೇ ಆ ಕ್ಷಣವೇ ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಯಾಕೆ ಹಾಕಲಿಲ್ಲ ಎಂದರು. ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಅವರು ತಂಜಾವೂರಿನ ಕಡೆಯವರು. ಮುಟ್ಟಲಾರದವನು ಈ ಕೆಲಸಕ್ಕೆ ಯಾಕೆ ಸೇರಿದೆ ಎಂದರು. ಮೂರು ತಿಂಗಳು ಯಾಕೆ ಸುಮ್ಮನಿದ್ದೆ ಎಂದರು.

ಎಲ್ಲವನ್ನೂ ಬರೆದು ಕೊಡು ಎಂದರು, ಬರೆದುಕೊಟ್ಟೆ. ಒಬ್ಬನ ತಪ್ಪನ್ನು ಗೇಟಿನಲ್ಲಿ ಓದಿಸಿ ಇನ್ನೊಬ್ಬನನ್ನು ಕಳಿಸಿದ್ದೆವು, ಇದನ್ನೂ ಅಲ್ಲೇ ಓದಬೇಕು ಎಂದು ಅವರೇ ತೀರ್ಮಾನಿಸಿದರು. ನಿಜವಾದ ಗುಮಾಸ್ತರಾದ ಮೈಲಾರಲಿಂಗಪ್ಪನವರು ಗೇಟಿನ ಕಟ್ಟೆಯ ಮೇಲೆ ನಿಂತು ಎರಡೂ ಪಾಳಿಯವರ ಮುಂದೆ ಓದಿದರು. ಹೊರಗೆ ಕಂಪ್ಲಿಯ ಕಬ್ಬಿನ ಬಂಡಿಗಳು ನಿಂತಿದ್ದವು. ಬಂಡಿಯವರಲ್ಲಿ ಅರ್ಧದಷ್ಟು ಜನ ನಮ್ಮ ಮನೆಗೆ ಬಂದು ಹೋಗುವವರೇ. ಓದಿ ಮುಗಿದ ಮೇಲೆ ಒಬ್ಬ ಮುದುಕ ಬಂಡಿಯಿಂದ ಇಳಿದು ಬಂದು ಎಂದಿನಂತೆ ನನ್ನ ಕಾಲು ಮುಟ್ಟಿ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನ ಚೀಟಿ ಹೊಸದಾಗಿ ಬರೆದಿದ್ದಾರೆ. ಬರುವ ಹಂಗಾಮಿಗೆ ನಿನ್ನನ್ನು ಅದೇ ಕೆಲಸಕ್ಕೆ ಕರೆಯುವುದಾಗಿ ಕಾಗದವೂ ಆಗಿದೆ. ನನ್ನನ್ನು ತೆಗೆಯಲಿಲ್ಲ. ಹಂಗಾಮು ಮುಗಿಯುವವರೆಗೆ ಇರು, ಆಮೇಲೆ ನೋಡೋಣ ಎಂದರು.

ಜಂಬಕ್ಕ ಹೇಳಿ ಬರೆಸಿದ ಕಾಗದಕ್ಕೆ ಉತ್ತರ ಬೇಡ ಎಂದಿದ್ದಳು. ನಾನು ಆ ಮಾತನ್ನೂ ಮೀರಿದೆ. ಅವಳ ಮೇಲೆ ಸಿಟ್ಟಾಗಬೇಡ, ಪಕ್ಕೀರಪ್ಪ. ನನಗೆ ನಿಜ ಹೇಳಿದವಳು ಅವಳೊಬ್ಬಳೇ.

ಚನ್ನಯ್ಯ


ಕಂಪ್ಲಿ
22 ಏಪ್ರಿಲ್ 1939

ಚನ್ನಯ್ಯನಿಗೆ.

ಬಂಡಿಯವರು ಬಂದು ಹೇಳಿದರು. ಮೊದಲು ನಂಬಲಿಲ್ಲ. ಆಮೇಲೆ, ಒಂದು ಸಾಲಿನಲ್ಲಿ ನೀನು ಬರೆದಿದ್ದ ಉತ್ತರ ತೆಗೆದು ನೋಡಿ ನಂಬಿದೆ. ನಿಜ ಹೇಳುವವನಿಗೆ ಅಷ್ಟು ಅವಸರ ಇರುವುದಿಲ್ಲ.

ನನಗೆ ಮೊದಲು ಬಂದದ್ದು ಚರಬಿಯ ಸಿಟ್ಟು. ಅದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ. ಸಂಡೂರಿನವರು ಯೋಚನೆ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಯೋಚನೆ ಮಾಡಲು ಅವರಿಗೇನಾಗಿದೆ, ನಾನೂ ಯೋಚನೆ ಮಾಡುತ್ತೇನೆ ಎಂದು ವಿರುಪಮ್ಮ ಒಳಗಿನಿಂದ ಅಂದಳು. ಅವಳ ಬಾಯಿ ನಿನಗಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮಠದ ಹಿರಿಯ ಸ್ವಾಮಿಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ ಕೇಳಿದೆ. ಚರಬಿ ಮುಟ್ಟಿದ್ದಕ್ಕೆ ದಾರಿ ಇದೆಯಂತೆ. ಹಂಪಿಗೆ ಹೋಗಿ ಹೊಳೆಯಲ್ಲಿ ಮಿಂದು, ವಿರೂಪಾಕ್ಷನ ದರ್ಶನ ಮಾಡಿ, ಅವರ ಕೈಯಿಂದ ಮತ್ತೆ ವಿಭೂತಿ ಧರಿಸಿದರೆ ಮುಗಿಯಿತಂತೆ. ಊರವರೂ ಒಪ್ಪುತ್ತಾರೆ. ಅಯ್ಯಾರು ಅಯ್ಯಾರೇ ಎಂದು ಈಗಾಗಲೇ ಹೇಳುತ್ತಿದ್ದಾರೆ.

ಇನ್ನೊಂದಕ್ಕೆ ಏನು ಎಂದು ಕೇಳಿದೆ. ನಿನ್ನನ್ನು ನಂಬಿದವನಿಗೆ ನೀನು ಸುಳ್ಳು ಹೇಳಿ, ಅವನ ಕೈ ಸುಟ್ಟು, ಅವನು ನಿನ್ನ ಹೆಸರು ಕಾಯುತ್ತಾ ನಿಂತಾಗ ಪಕ್ಕದಲ್ಲಿ ನಿಂತು ನೋಡಿದ್ದಕ್ಕೆ. ಸ್ವಾಮಿಗಳು ಏನೂ ಹೇಳಲಿಲ್ಲ. ಐವತ್ತು ವರ್ಷ ಜನರ ಮನೆಗಳಲ್ಲಿ ಶಾಸ್ತ್ರ ಹೇಳಿದ ನನಗೂ ಗೊತ್ತಿಲ್ಲ. ಅದನ್ನು ಬಂಡ್ರಿಯಲ್ಲೇ ಕೇಳಬೇಕು.

ನಿನ್ನ ತಂದೆ
ಕೊಟ್ರಯ್ಯ


ಹೊಸಪೇಟೆ
14 ಮೇ 1939

ತಂದೆಯವರಿಗೆ ಚನ್ನಯ್ಯನ ನಮಸ್ಕಾರ.

ಹಂಪಿಗೆ ಇನ್ನೂ ಹೋಗಿಲ್ಲ. ಹಂಗಾಮು ಮುಗಿದು ಮಿಲ್ಲು ನಿಂತ ಮರುದಿನ ಬಂಡ್ರಿಗೆ ಹೋದೆ. ಸಂಡೂರಿನವರೆಗೆ ಅದಿರು ತರಲು ಹೊರಟಿದ್ದ ಲಾರಿ ಸಿಕ್ಕಿತು, ಅಲ್ಲಿಂದ ನಡೆದೆ. ನಿಮಗೆ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಇಷ್ಟು ದಿನ ಹಾಗೆ ಬರೆಯಲಿಲ್ಲ.

ಮನೆಯ ಮುಂದೆ ನನ್ನನ್ನು ಕಂಡೊಡನೆ ಪಕ್ಕೀರಪ್ಪ ಓಡಿ ಬಂದು ಬಗ್ಗಿದ. ಅವನು ಮುಟ್ಟುವ ಮುಂಚೆ ನಾನು ಅವನ ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ, ಹಿಡಿದೆ. ಅವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ. ಪಾಪ ಹಚ್ಚಬ್ಯಾಡ್ರಿ ಎಂದ. ಆಗ ನನಗೆ ತಿಳಿಯಿತು, ನಾನು ಕ್ಷಮೆ ಕೇಳುವುದೂ ಅವನ ತಲೆಯ ಮೇಲೆ ಇನ್ನೊಂದು ಹೊರೆಯೇ. ಅದನ್ನೂ ಅವನೇ ಹೊರಬೇಕು. ಎದ್ದು ನಿಂತೆ. ಜಂಬಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು, ಒಳಗೆ ಬರ್ರಿ ಎಂದಷ್ಟೇ ಅಂದಳು.

ಹೊಳೆಮ್ಮ ಅಂಗಳದಲ್ಲಿ ಆಡುತ್ತಿದ್ದಳು, ಗುಣವಾಗಿದ್ದಾಳೆ. ಉಚ್ಚೆಂಗಪ್ಪ ಮಾಸ್ತರರೂ ಬಂದು ಕೂತರು. ನಾನು ಹೊಸ ಚೀಟಿಯನ್ನೂ ಮಿಲ್ಲಿನ ಕಾಗದವನ್ನೂ ತೆಗೆದು ಕೊಟ್ಟೆ, ಅವರು ಓದಿ ಹೇಳಿದರು. ಅಲಕ್ಷ್ಯ ಎಂಬ ಮಾತು ಇಲ್ಲ ಎಂದಾಗ ಪಕ್ಕೀರಪ್ಪ ಇನ್ನೊಂದು ಸಲ ಓದಿಸಿದ. ಕಂಪ್ಲಿಯ ಅಕ್ಕಿ ಮಿಲ್ಲಿನವರಿಗೆ ಇದನ್ನು ತೋರಿಸಬೇಕು, ಕೆಲಸಕ್ಕಲ್ಲ, ತೋರಿಸುವುದಕ್ಕೆ ಎಂದ. ಮುಖ ಅರಳಿತ್ತು. ನನ್ನ ಎದೆಯೂ ನಾಲ್ಕು ತಿಂಗಳ ಮೇಲೆ ಹಗುರಾಯಿತು. ಕೆಟ್ಟ ಮೇಲಾದರೂ ಬುದ್ಧಿ ಬಂತಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟು ಹಗುರಾಯಿತು. ನಾನು ಅಂಥವನು ಎಂದು ನಿಮಗೆ ಗೊತ್ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಅವನು ನನಗೆ ಹಾಲು ಕೊಡುವ ಸಂಭ್ರಮದಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಬಂದ. ಹಾಲು ಉಕ್ಕುತ್ತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನ ಮುಂದೆ ನಿಂತು, ದಾರಿಯಲ್ಲಿ ಬಿಸಿಲು ಹೇಗಿತ್ತು ಎಂದು ನಗುತ್ತಾ ಕೇಳುತ್ತಿದ್ದ. ಜಂಬಕ್ಕ ಓಡಿ ಬಂದು ಸೆರಗಿನಲ್ಲಿ ಹಿಡಿದು ಪಾತ್ರೆ ಕಿತ್ತುಕೊಂಡಳು. ಅವನ ಬೆರಳುಗಳು ಕೆಂಪಗೆ ಬೊಬ್ಬೆ ಎದ್ದಿದ್ದವು. ಅವನು ಅವುಗಳನ್ನು ನೋಡಿದ ಮೇಲೆ ನಾಚಿಕೊಂಡು ಪಂಚೆಯ ಮರೆಗೆ ಹಾಕಿಕೊಂಡ.

ಕೈ ಮಾಯ್ದಿವೆ ಎಂದು ಬರೆಸಿದ್ದೆಯಲ್ಲ ಎಂದೆ.

“ಮಾಯ್ದಾವ್ರಿ. ಬಿಸಿ ಒಂದು ಗೊತ್ತಾಗಂಗಿಲ್ರಿ, ಅಯ್ಯಾರ.”

ತಂದೆಯವರೇ, ಎಣ್ಣೆಯವನ ವಿದ್ಯೆಯೆಲ್ಲ ಇರುವುದು ಅಲ್ಲೇ. ಡಬ್ಬಿ ಯಾರು ಬೇಕಾದರೂ ಹಿಡಿಯಬಹುದು. ಬೆರಳ ಬೆನ್ನಿಟ್ಟು ಬೇರಿಂಗಿನ ಕಾವು ತಿಳಿಯಲಾರದವನಿಗೆ ಆ ಕೆಲಸವಿಲ್ಲ. ನಾನು ಗೇಟಿನಲ್ಲಿ ಓದಿಸಿ ಅವನಿಗೆ ವಾಪಸು ಕೊಡಿಸಿದ್ದು ಅವನು ಮಾಡಲಾಗದ ಕೆಲಸ. ಇದು ಅವನಿಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ಅಕ್ಕಿ ಮಿಲ್ಲಿಗೆ ಕೇಳಲು ಹೋದದ್ದೂ ಶಬ್ದ ಕೇಳಿ ಹೇಗೋ ನಿಭಾಯಿಸಬಹುದೆಂಬ ಆಸೆಯಿಂದಂತೆ. ನನಗೆ ಬರೆಸಲಿಲ್ಲ, ಅಯ್ಯಾರು ನೊಂದುಕೊಳ್ಳುತ್ತಾರೆ ಎಂದು.

ಅವನೇ ಮಾತು ತೆಗೆದ. ಮಿಲ್ಲನ್ನು ಬಿಟ್ಟಿರಲು ಅವನಿಂದ ಆಗುವುದಿಲ್ಲವಂತೆ. ಗುಡ್ಡದಲ್ಲಿ ಕಿವಿಗೆ ಕೆಲಸವೇ ಇಲ್ಲವಂತೆ. ಸಾಹೇಬರು ಒಪ್ಪಿದರೆ ನಮ್ಮಿಬ್ಬರನ್ನೂ ಒಂದೇ ಪಾಳಿಗೆ ಹಾಕಲಿ, ಚರಬಿ ತುಂಬುವುದು, ಏಣಿ ಹತ್ತುವುದು, ಬತ್ತಿ ಬದಲಿಸುವುದು ಎಲ್ಲ ತಾನು ಮಾಡುತ್ತೇನೆ ಎಂದ. ಚರಬಿ ನಾನೂ ತುಂಬುತ್ತೇನೆ ಎಂದೆ. ಅದು ಇರ್ಲಿ ಎಂದ.

“ಬಿಸಿ ಅಷ್ಟು ನೀವು ಮುಟ್ಟಿ ಹೇಳ್ರಿ. ನೀವು ಎಷ್ಟು ಅಂತೀರೋ ಅಷ್ಟು ಅಂತ ನಾ ನಡೀತೀನಿ.”

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಲು ಅವನಿಗೆ ಬರುವುದಿಲ್ಲ. ಇನ್ನು ಮೇಲೆ ದಿನಕ್ಕೆ ಹತ್ತು ಸುತ್ತು, ನನ್ನ ಬಾಯಿಯ ಮಾತು ನಂಬಿ ಅವನು ಯಂತ್ರದೊಳಗೆ ಕೈ ಹಾಕಬೇಕು. ಜಂಬಕ್ಕ ಪಾತ್ರೆಯನ್ನು ಕೆಳಗಿಟ್ಟು ನನ್ನ ಎದುರಿಗೆ ಬಂದು ನಿಂತಳು.

“ಖರೇ ಹೇಳ್ತೀರೇನ್ರಿ?” ಎಂದಳು.

ಹೇಳುತ್ತೇನೆ ಎಂದೆ. ಅವಳು ಅದನ್ನು ಕೇಳಿ ನನ್ನ ಮುಖ ನೋಡಲಿಲ್ಲ. ಗಂಡನ ಕೈಗಳನ್ನು ನೋಡಿದಳು.

ನಿಮ್ಮ ಮಗ, ಮಿಲ್ಲಿನಲ್ಲಿ ಎಣ್ಣೆ ಹಾಕುವ
ಚನ್ನಯ್ಯ